ಮನೆಗೆ ಹೋಗಿ ಸತ್ತವರ ಪಟ್ಟಿ

ಒಂಬತ್ತನೆಯ ಕಂತು

“ಹೆಸರು ಹೇಳಿ ಮೇಡಂ, ತೆಗೀತೀನಿ,” ಅಂದ ಪ್ರೀತಂ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

“ಚಿಕ್ಕಣ್ಣ. ಕೊಪ್ಪದ ಕಡೆಯವರು. ಅರವತ್ತೆಂಟು ವರ್ಷ.”

ಮದ್ದೂರಿನ ಪೇಟೆಬೀದಿಯ ಹಿಂದಿನ ಗಲ್ಲಿಯಲ್ಲಿ ಅವನ ಫ್ಲೆಕ್ಸ್ ಅಂಗಡಿ. ಒಳಗೆ ಇಂಕಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಿಂದೆ ಯಂತ್ರ ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಕಿರ್ ಕಿರ್ ಅಂತ ಹೊರಗೆ ತಳ್ಳುತ್ತಿತ್ತು. ಪ್ರೀತಂ ಎರಡು ಸಲ ಒತ್ತಿದ. ಪರದೆಯ ಮೇಲೆ ಪೇಟ ಸುತ್ತಿದ ಮುಖ, ಎರಡೂ ಪಕ್ಕ ಉರಿಯುವ ದೀಪ, ತಲೆಯ ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಜನನ, ಮರಣ.

ಮರಣ, ಆಗಸ್ಟ್ ಹದಿನೇಳು.

ಕೈಯಲ್ಲಿದ್ದ ಆಸ್ಪತ್ರೆಯ ಪಟ್ಟಿ ನೋಡಿದೆ. ಅದೇ ಚಿಕ್ಕಣ್ಣ, ಆಗಸ್ಟ್ ಹದಿನಾರರಂದು ಎರಡನೇ ವಾರ್ಡಿನಿಂದ ‘ಸ್ವಂತ ಇಚ್ಛೆಯ ಮೇರೆಗೆ ಬಿಡುಗಡೆ’. ಷರಾ ಕಾಲಂನಲ್ಲಿ ದುಂಡಗೆ ‘ಜೀವಂತ’ ಅಂತ ಬರೆದಿದ್ದರು.

“ಇಪ್ಪತ್ತೇಳು,” ಅಂದೆ.

“ಏನ್ ಮೇಡಂ ಇಪ್ಪತ್ತೇಳು?”

“ಸುಮ್ನೆ ಮುಂದಿನ ಹೆಸರು ತೆಗೆಯಪ್ಪಾ. ಈಗ ಒಂದನೇ ವಾರ್ಡಿನವರದು.”

“ಅಯ್ಯೋ, ಇನ್ನೂ ಐತಾ?”

“ಒಬ್ಬರ ಮನೆ ಕಸ ಮಾತ್ರ ಗುಡಿಸಿ ‘ಇವರ ಮನೆ ಗಲೀಜು’ ಅಂದರೆ ಆಗುತ್ತಾ? ಎರಡೂ ಕಡೆ ಗುಡಿಸಬೇಕು. ತೆಗೆ.”

ಬೈದರೂ ಪ್ರೀತಂ ಬೇಸರ ಮಾಡಿಕೊಳ್ಳಲಿಲ್ಲ. ಬೆಳಿಗ್ಗೆ ಎಂಟಕ್ಕೇ ಅಂಗಡಿ ತೆಗೆಸಿ ಕೂರಿಸಿದ್ದೆ, ಅವನ ತಿಂಡಿಯೂ ಆಗಿರಲಿಲ್ಲ. ಈ ಮನುಷ್ಯನಿಗೆ ನಾನೊಂದು ಊಟ ಹಾಕಿಸಲೇಬೇಕು.

ನನ್ನನ್ನು ಅರಿಯದವರಿಗೆ ಎರಡು ಮಾತು. ನಾನು ಶೋಭಾರಾಣಿ. ಮೂವತ್ತಮೂರು ವರ್ಷ ಮಂಡ್ಯದ ಸಂಖ್ಯಾ ಸಂಗ್ರಹಣಾ ಕಚೇರಿಯಲ್ಲಿ ಭತ್ತ, ಕಬ್ಬು, ಹಸು, ಎಮ್ಮೆ, ಹುಟ್ಟು, ಸಾವು ಎಲ್ಲವನ್ನೂ ಎಣಿಸಿ ನಿವೃತ್ತಳಾದವಳು. ಮಾತು ಒರಟು, ಎಣಿಕೆ ನೇರ. ಎರಡು ವಾರದ ಹಿಂದೆ ಸ್ಟಾಫ್ ನರ್ಸ್ ಇಂದ್ರಮ್ಮ ನನ್ನ ಮನೆ ಬಾಗಿಲಿಗೆ ಬಂದು, “ಅಕ್ಕ, ನನ್ನ ಕೊಲೆಗಾತಿ ಅಂತಾವ್ರೆ,” ಅಂತ ಹೊಸಿಲ ಮೇಲೇ ಕುಸಿದು ಕೂತಳು. ಅವತ್ತಿನಿಂದ ನನ್ನ ಎಣಿಕೆ ಮತ್ತೆ ಶುರುವಾಯಿತು.

ಮಂಡ್ಯದ ಮರುಜೀವ ಆಸ್ಪತ್ರೆಯಲ್ಲಿ ಎರಡು ವಾರ್ಡು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಂದ್ರಮ್ಮ ನೋಡಿಕೊಂಡ ಒಂದನೇ ವಾರ್ಡಿಗೆ ಬಂದವರು ಇನ್ನೂರ ಹನ್ನೆರಡು, ಸತ್ತವರು ಮೂವತ್ತೊಂದು. ಆಸ್ಪತ್ರೆಯ ಮಾಲೀಕ ಡಾಕ್ಟರ್ ಶಶಿಧರ್ ತಾವೇ ನೋಡುವ ಎರಡನೇ ವಾರ್ಡಿಗೆ ಬಂದವರು ಇನ್ನೂರ ಇಪ್ಪತ್ನಾಲ್ಕು, ಸತ್ತವರು ಒಂಬತ್ತೇ ಒಂಬತ್ತು. ಒಂದನೇ ವಾರ್ಡಿನ ಡಾಕ್ಟರು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದರು. ಉತ್ತರ ಹೇಳುವುದಕ್ಕೆ ಉಳಿದವಳು ಇಂದ್ರಮ್ಮ ಒಬ್ಬಳೇ.

ತಿಂಗಳ ಹಿಂದೆ ಅವಳನ್ನು ಅಮಾನತು ಮಾಡಿದರು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣಾ ಸಮಿತಿ ಕೂರುತ್ತದೆ. ಅವರು ಆ ಮೂವತ್ತೊಂದನ್ನು ನಂಬಿದರೆ ಕಡತ ನೇರ ಪೊಲೀಸಿಗೆ ಹೋಗುತ್ತದೆ, ಅವಳ ನೋಂದಣಿ ರದ್ದಾಗುತ್ತದೆ, ಇಪ್ಪತ್ತೆರಡು ವರ್ಷದ ಕೆಲಸ ಮಣ್ಣುಪಾಲು.

ಜನ ನಂಬಿಯೇ ಬಿಟ್ಟಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಂಬತ್ತು ಯಾಕೆ ಅಷ್ಟು ಕಡಿಮೆ ಅಂತ ಒಬ್ಬರೂ ಕೇಳಲಿಲ್ಲ.

ಕೇಳಬೇಕಾದದ್ದೇ ಅದು. ನಮ್ಮ ಕಡೆ ಹೊರಗೆ ಸತ್ತವರ ಹೆಣವನ್ನು ಮನೆಯೊಳಕ್ಕೆ ತರುವುದಿಲ್ಲ. ಹಜಾರಕ್ಕೂ ಬಿಡುವುದಿಲ್ಲ, ಅಂಗಳದಲ್ಲೇ ಇಟ್ಟು ಅಲ್ಲಿಂದಲೇ ಎತ್ತುತ್ತಾರೆ. ಹುಟ್ಟಿದ ಮನೆಯ ಒಳಗೆ ಪ್ರಾಣ ಹೋಗಲಿ ಅಂತ ಆಸೆ ಎಲ್ಲರಿಗೂ. ಅದಕ್ಕೇ ಡಾಕ್ಟರು ತಲೆ ಅಲ್ಲಾಡಿಸಿದ ತಕ್ಷಣ ಮನೆಯವರು ಸಹಿ ಹಾಕಿ, ಮೂಗಿಗೆ ಆಕ್ಸಿಜನ್ ಹಿಡಿದುಕೊಂಡೇ ಆಂಬುಲೆನ್ಸಿನಲ್ಲಿ ಊರಿಗೆ ಓಡುತ್ತಾರೆ. ಅಂಥವರು ಆಸ್ಪತ್ರೆಯ ಪುಸ್ತಕದಲ್ಲಿ ಸತ್ತವರಲ್ಲ. ಎಲ್ಲರೂ ಜೀವಂತ!

ಸತ್ತದ್ದು ಎಲ್ಲಿ ಸಿಗುತ್ತದೆ? ಊರ ಬಾಗಿಲಿನ ಫ್ಲೆಕ್ಸಿನಲ್ಲಿ. ನಮ್ಮ ಜನ ಜನನ ಪ್ರಮಾಣಪತ್ರ ಮಾಡಿಸದೆ ಇರಬಹುದು, ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿಸದೆ ಇರುವುದಿಲ್ಲ. ಫ್ಲೆಕ್ಸ್ ಅಂಗಡಿಯವರು ಯಾವ ಕಡತವನ್ನೂ ಅಳಿಸುವುದಿಲ್ಲ, ಮುಂದಿನ ವರ್ಷದ ಪುಣ್ಯತಿಥಿಗೆ ಮತ್ತೆ ಬೇಕಾಗುತ್ತದೆ. ಮಂಡ್ಯ, ಮಳವಳ್ಳಿಯ ಅಂಗಡಿಗಳನ್ನು ಹೋದ ವಾರವೇ ಜಾಲಾಡಿದ್ದೆ. ಫ್ಲೆಕ್ಸ್ ಹಾಕಿಸದವರ ಊರುಗಳ ಆಶಾ ಕಾರ್ಯಕರ್ತೆಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದ್ದೆ. ಉಳಿದಿದ್ದುದು ಮದ್ದೂರು.

ಹನ್ನೊಂದೂವರೆಗೆ ಒಂದನೇ ವಾರ್ಡಿನ ಹೆಸರುಗಳೂ ಮುಗಿದವು. ಬಿಡುಗಡೆಯಾದ ಮೂವತ್ತು ದಿನದೊಳಗೆ ಮನೆಯಲ್ಲಿ ತೀರಿಕೊಂಡವರು ಮೂರೂ ತಾಲ್ಲೂಕು ಸೇರಿ ಐದು ಜನ.

“ಆ ಆಸ್ಪತ್ರೆ ಲೆಕ್ಕವಾ ಮೇಡಂ ಇದು?” ಪ್ರೀತಂ ಮೆತ್ತಗೆ ಕೇಳಿದ. “ಐವೇಲಿ ಅವರದೊಂದು ಬೋರ್ಡ್ ಐತಲ್ಲ, ‘ನಮ್ಮ ಎರಡನೇ ವಾರ್ಡಿನಲ್ಲಿ ಸಾವು ಶೇಕಡಾ ನಾಲ್ಕು ಮಾತ್ರ’ ಅಂತ. ಅದನ್ನೂ ನಾನೇ ಒಡ್ದಿದ್ದು. ಎಂಟಕ್ಕೆ ಹನ್ನೆರಡು ಅಡಿ.”

“ಸತ್ತವರದೂ ನೀನೇ, ಸಾಯಲಿಲ್ಲ ಅನ್ನೋದೂ ನೀನೇ.”

ಅವನು ತಲೆ ಕೆರೆದುಕೊಂಡ. ನಾನು ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಮಂಡ್ಯದ ಬಸ್ಸು ಹಿಡಿದೆ.

ಗೆಜ್ಜಲಗೆರೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಬಸ್ಸು ಅರ್ಧ ಗಂಟೆ ಅಲ್ಲಾಡಲಿಲ್ಲ. ನನಗೆ ಅದೇ ಅನುಕೂಲವಾಯಿತು. ತೊಡೆಯ ಮೇಲೆ ಹಾಳೆ ಹರಡಿಕೊಂಡು ಕೊನೆಯ ಲೆಕ್ಕ ಮುಗಿಸಿದೆ.

ಒಂದನೇ ವಾರ್ಡು: ಒಳಗೆ ಮೂವತ್ತೊಂದು, ಮನೆಯಲ್ಲಿ ಐದು, ಒಟ್ಟು ಮೂವತ್ತಾರು. ಎರಡನೇ ವಾರ್ಡು: ಒಳಗೆ ಒಂಬತ್ತು, ಮನೆಯಲ್ಲಿ ಇಪ್ಪತ್ತೇಳು, ಒಟ್ಟು ಮೂವತ್ತಾರು.

ಸಮ ಸಮ! ಬಸ್ಸಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಕೋಳಿಬುಟ್ಟಿ ಎತ್ತಿಕೊಂಡು ಒಂದು ಸೀಟು ಆಚೆಗೆ ಸರಿದಳು.

ಮಧ್ಯಾಹ್ನ ಒಂದಕ್ಕೆ ಡಾಕ್ಟರ್ ಶಶಿಧರ್ ಕೋಣೆಗೆ ನುಗ್ಗಿದೆ. ಐವತ್ತರ ಆಸುಪಾಸು, ಮಡಿಕೆ ಮುರಿಯದ ಅಂಗಿ. ಮಾತಿನಲ್ಲಿ ಬೆಣ್ಣೆ.

“ಬನ್ನಿ ಶೋಭಾರಾಣಿ ಮೇಡಂ. ಊಟ ಆಯ್ತಾ?”

“ಊಟ ಆಮೇಲೆ. ಇದು ನೋಡಿ.”

ಹಾಳೆಯನ್ನು ಮೇಜಿನ ಮೇಲೆ ತಳ್ಳಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ.

“ಮನೆಗೆ ಹೋಗಿ ಸತ್ತೋರಿಗೆ ನಾನು ಹೊಣೆನಾ ಮೇಡಂ? ಮನೆಯವರೇ ಕರ್ಕೊಂಡು ಹೋದ್ರು. ನಮ್ಮ ಜನದ ಪದ್ಧತಿ ನಿಮಗೆ ಗೊತ್ತಿಲ್ವಾ?”

“ಚೆನ್ನಾಗಿ ಗೊತ್ತು. ಪದ್ಧತಿ ಎರಡು ವಾರ್ಡಿನವರಿಗೂ ಒಂದೇ ತಾನೆ? ಮನೆಗೆ ಹೋಗಿ ಸತ್ತವರಲ್ಲಿ ‘ಸ್ವಂತ ಇಚ್ಛೆ’ ಅಂತ ಹೋದವರು ಒಂದನೇ ವಾರ್ಡಿನಿಂದ ನಾಲ್ಕು. ನಿಮ್ಮಿಂದ ಇಪ್ಪತ್ತೊಂದು. ನಿಮ್ಮ ವಾರ್ಡಿನವರಿಗೆ ಮಾತ್ರ ಊರಿನ ಮೇಲೆ ಅಷ್ಟು ಪ್ರೀತಿ ಹೇಗೆ ಬಂತು?”

“ಇಂದ್ರಮ್ಮ ಕಳಿಸೋದಿಲ್ಲ. ಹಿಡ್ಕೊಂಡು ಕೂರ್ತಾಳೆ.”

“ಹಿಡ್ಕೊಂಡು ಕೂತದ್ದಕ್ಕೇ ಜನ ಉಳಿದರು. ಎರಡನೇ ಹಾಳೆ ನೋಡಿ.”

ಆ ಹಾಳೆಗಾಗಿ, ವಿಚಾರಣಾ ಸಮಿತಿ ಇಂದ್ರಮ್ಮನಿಗೆ ಕೊಟ್ಟಿದ್ದ ದಾಖಲೆಗಳ ಮೇಲೆ ನಾನು ಹತ್ತು ದಿನ ಕಣ್ಣು ನೋಯಿಸಿಕೊಂಡಿದ್ದೆ. ರೋಗಿ ಬಂದ ಗಳಿಗೆಯಲ್ಲಿ ತುರ್ತು ಚಿಕಿತ್ಸೆಯ ಕೋಣೆಯವರು ರಕ್ತದೊತ್ತಡ, ನಾಡಿ, ಉಸಿರು, ಪ್ರಜ್ಞೆ, ವಯಸ್ಸು ಬರೆದುಕೊಳ್ಳುತ್ತಾರೆ. ಯಾವ ವಾರ್ಡಿಗೆ ಅನ್ನುವುದು ಆಮೇಲೆ ತೀರ್ಮಾನ. ಹಾಗಾಗಿ ಅದನ್ನು ತಿದ್ದುವ ಆಸೆ ಎರಡು ವಾರ್ಡಿನವರಿಗೂ ಹುಟ್ಟಿರುವುದಿಲ್ಲ. ನಾನು ಅದರಿಂದಲೇ ಪ್ರತಿಯೊಬ್ಬರಿಗೂ ಅಂಕ ಕೊಟ್ಟು, ಸ್ಥಿತಿ ಗಂಭೀರವಾದವರು, ಹಗುರವಾದವರು ಅಂತ ಎರಡು ಗುಂಪು ಮಾಡಿದ್ದೆ.

“ಡಾಕ್ಟ್ರೇ, ನಾನು ಬೆಳೆ ಕಟಾವಿನ ಲೆಕ್ಕ ಮಾಡಿ ಬೆಳೆದವಳು. ನಾಲೆ ನೀರಿನ ಗದ್ದೆಗೂ ಮಳೆ ನಂಬಿದ ಹೊಲಕ್ಕೂ ಒಂದೇ ತಕ್ಕಡಿ ಹಿಡಿದು, ಹೊಲದವನು ಸೋಮಾರಿ ಅಂದರೆ ರೈತ ಬಾರುಕೋಲು ತಗೋತಾನೆ. ಇಲ್ಲಿ ಗಂಭೀರವಾದವರು ಒಂದನೇ ವಾರ್ಡಿಗೆ ಎಂಬತ್ತು, ನಿಮಗೆ ಮೂವತ್ತಾರು. ಯಾರು ಹಾಗೆ ಹಂಚಿದ್ದು? ಪ್ರತಿ ಚೀಟಿಯ ಮೇಲೂ ನಿಮ್ಮ ಸಹಿ ಇದೆ.”

ಅವರ ಕಣ್ಣು ಹಾಳೆಯ ಕೆಳಗಿನ ಸಾಲಿಗೆ ಇಳಿಯಿತು.

“ಅಂಥ ಮೂವತ್ತಾರರಲ್ಲಿ ನಿಮ್ಮ ಕಡೆ ಸತ್ತವರು ಹದಿನೆಂಟು. ಅರ್ಧಕ್ಕರ್ಧ. ಅವಳ ಎಂಬತ್ತರಲ್ಲಿ ಸತ್ತವರು ಇಪ್ಪತ್ತಾರು. ಹಗುರವಾದವರಲ್ಲಿ ನಿಮಗೆ ನೂರ ಎಂಬತ್ತೆಂಟಕ್ಕೆ ಹದಿನೆಂಟು, ಅವಳಿಗೆ ನೂರ ಮೂವತ್ತೆರಡಕ್ಕೆ ಹತ್ತು. ಅವಳ ರೋಗಿಗಳನ್ನೆಲ್ಲ ನಿಮ್ಮ ವಾರ್ಡಿನಲ್ಲಿ ಮಲಗಿಸಿದ್ದರೆ ಐವತ್ತೆರಡು ಜನ ಸಾಯಬೇಕಿತ್ತು. ಅವಳ ಕೈಯಲ್ಲಿ ಸತ್ತವರು ಮೂವತ್ತಾರು. ಹದಿನಾರು ಜೀವ ಉಳಿಸಿದವಳನ್ನು ನೀವು ಕೊಲೆಗಾತಿ ಅಂದಿರಿ. ನಾಚಿಕೆ ಆಗಲ್ವಾ?”

ನನ್ನ ದನಿ ಏರಿತ್ತು. ಹೊರಗಿನಿಂದ ಯಾರೋ ಬಾಗಿಲು ತೆಗೆದು ಇಣುಕಿ ಮತ್ತೆ ಮುಚ್ಚಿದರು. ಶಶಿಧರ್ ಕನ್ನಡಕ ತೆಗೆದು ಒರೆಸಿದರು. ಸೋತ ಮನುಷ್ಯ ಹಾಗೆ ನಿಧಾನವಾಗಿ ಒರೆಸುವುದಿಲ್ಲ. ನನಗೆ ಅಲ್ಲೇ ಏನೋ ಕಸಿವಿಸಿಯಾಯಿತು.

“ಲೆಕ್ಕ ಚೆನ್ನಾಗಿದೆ,” ಅಂದರು. “ನಾಳೆ ಸಮಿತಿ ಮುಂದೆ ನನಗೆ ಛೀಮಾರಿ ಆಗುತ್ತೆ, ಆಗಲಿ. ಆದ್ರೆ ನನ್ನ ಇಪ್ಪತ್ತೇಳರಲ್ಲಿ ಸ್ವಂತ ಇಚ್ಛೆಯವರು ಇಪ್ಪತ್ತೊಂದು ಅಂದ್ರಿ. ಮಿಕ್ಕ ಆರು?”

ನಾನು ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

“ಆ ಆರು ಜನ ಗುಣ ಆಗಿ ನಡ್ಕೊಂಡು ಹೋದವರು. ಮನೆಗೆ ಹೋದ ಎರಡು ದಿನದಲ್ಲಿ ಸತ್ರು. ಆರೂ ಜನ ಮಳವಳ್ಳಿ ತಾಲ್ಲೂಕಿನವರು. ನಿಮ್ಮ ಅಂಕದ ಪ್ರಕಾರ ಅವರು ಸಾಯೋ ಜನವಾ ಮೇಡಂ?”

ಅಲ್ಲ. ಅದು ನನಗೂ ಗೊತ್ತಿತ್ತು. ಅಷ್ಟೇ ಹಗುರ ಅಂಕದವರು ಎರಡೂ ವಾರ್ಡು ಸೇರಿ ಇನ್ನೂ ನೂರ ಮೂವತ್ನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಮೂರು ದಿನದಿಂದ ಆ ಆರು ಹೆಸರು ನನ್ನನ್ನು ಕಾಡುತ್ತಿದ್ದವು. ಎರಡನೇ ವಾರ್ಡಿನ ಬೇಜವಾಬ್ದಾರಿಯ ಖಾತೆಗೇ ಹಾಕಿ ಮುಂದೆ ಹೋಗಿದ್ದೆ, ಯಾಕೆಂದರೆ ಹಾಗೆ ಹಾಕುವುದು ನನಗೆ ಬೇಕಾಗಿತ್ತು. ಈ ವಯಸ್ಸಿನಲ್ಲಿ ನಾನು ಇಂಥ ತಪ್ಪು ಮಾಡಬಾರದಿತ್ತು.

“ನಿಮಗೇನಾದರೂ ಗೊತ್ತಿದ್ದರೆ ಬಾಯಿಬಿಟ್ಟು ಹೇಳಿ.”

“ನಾನು ಹೇಳಿದ್ರೆ ನೀವು ನಂಬಲ್ಲ. ಬೆಳಕವಾಡಿಗೆ ಹೋಗಿ. ಹುಚ್ಚೀರಯ್ಯ ಅನ್ನೋರ ಮನೆ ಕೇಳಿ.”

“ಹೋಗ್ತೀನಿ. ಸಿಕ್ಕಿದ್ದು ಏನೇ ಇರಲಿ ನಾಳೆ ಸಮಿತಿಗೆ ಕೊಡ್ತೀನಿ.”

“ಏನೇ ಇದ್ರೂನಾ?”

“ಏನೇ ಇದ್ದರೂ.”

ಅವರು ನಕ್ಕರು. ಆ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮಳವಳ್ಳಿಗೆ ಬಸ್ಸು, ಅಲ್ಲಿಂದ ಆಟೋ. ಬೆಳಕವಾಡಿ ಮುಟ್ಟಿದಾಗ ನಾಲ್ಕೂವರೆ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಹುಚ್ಚೀರಯ್ಯನ ಹೆಂಡತಿ ಚಿಕ್ಕನಂಜಮ್ಮ ಆಗತಾನೇ ಹೊಲದಿಂದ ಬಂದು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಆಸ್ಪತ್ರೆಯ ವಿಚಾರ ಅಂದ ತಕ್ಷಣ ಮೊರ ಪಕ್ಕಕ್ಕಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು.

“ಬಾ ಕಣವ್ವ, ಕೂತ್ಕೊ. ನೀರ್ ಕೊಡ್ಲಾ?”

“ಬೇಡಿ ಚಿಕ್ಕನಂಜಮ್ಮ. ಯಜಮಾನರು ಮನೆಗೆ ಬಂದಾಗ ಹೇಗಿದ್ದರು?”

“ಚೆಂದಾಗೇ ಇದ್ರು. ಬಸ್ಸಿಳ್ದು ಇಲ್ಲಿಗಂಟ ನಡ್ಕೊಂಡೇ ಬಂದ್ರು. ಬಂದೇಟ್ಗೆ ಮುದ್ದೆ ಕೇಳುದ್ರು. ಉಪ್ಪಿಲ್ದಿದ್ ಸಾರು ಅಂತ ನನ್ನ ಬೈದ್ರು. ನಾನೂ ಬೈದೆ. ಬೈಬಾರ್ದಾಗಿತ್ತು ಕಣವ್ವ.”

ಸೆರಗು ಕಣ್ಣಿಗೆ ಹೋಯಿತು. ಅವರೇ ಮುಂದುವರಿಸಿದರು.

“ಸುಸ್ತು ಸುಸ್ತು ಅಂತಿದ್ರು, ಅಷ್ಟೆಯ. ಮಾರ್ನೆ ದಿನ ಮಧ್ಯಾನ ನರ್ಸಮ್ಮ ಬಂದ್ರು.”

“ನೀವು ಕರೆದಿರಾ?”

“ನಾವ್ಯಾಕ್ ಕರೀಮ? ಅವ್ರೆ ಉಡುಕ್ಕೊಂಡ್ ಬಂದ್ರು. ‘ಗ್ಲೂಕೋಸ್ ಆಕ್ತೀನಿ, ಸಕ್ತಿ ಬತ್ತದೆ’ ಅಂದ್ರು. ತೊಲೇಗ್ ಬಾಟ್ಲು ನೇತಾಕುದ್ರು. ಒಂದ್ ಖಾಲಿಯಾದೇಟ್ಗೆ ಇನ್ನೊಂದು. ಮೂರ್ ಬಾಟ್ಲು ಕಣವ್ವ! ಕಾಸ್ ಕೊಡಕ್ಕೋದ್ರೆ ಮುಟ್ನಿಲ್ಲ. ದೇವ್ರಂತೋರು.”

ನಮ್ಮ ಹಳ್ಳಿಗಳಲ್ಲಿ ಗ್ಲೂಕೋಸ್ ಬಾಟಲಿ ಅಂದರೆ ಅಮೃತ. ಜ್ವರಕ್ಕೂ ಅದೇ, ಸುಸ್ತಿಗೂ ಅದೇ. ಹಾಕದ ಡಾಕ್ಟರನ್ನು ಡಾಕ್ಟರೇ ಅಲ್ಲ ಅನ್ನುತ್ತಾರೆ. ಬೇಡ ಅನ್ನುವ ಮನೆ ಈ ಮೂರು ತಾಲ್ಲೂಕಿನಲ್ಲಿ ಒಂದೂ ಸಿಗುವುದಿಲ್ಲ.

“ಆಮೇಲೆ?”

“ಸಂದೇಗೆ ಉಸ್ರು ಕಟ್ಕತು. ಬಾಯಲ್ಲಿ ನೊರೆ ಬಂತು. ಆಟೋ ಬರೋ ಅಷ್ಟರಾಗೆ ಓಗ್ಬುಟ್ರು.”

ಬಿಡುಗಡೆಯ ಚೀಟಿ ಕೇಳಿದೆ. ದೇವರ ಪಟದ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಹೃದಯದ ಬಲ ಕುಗ್ಗಿದೆ. ಉಪ್ಪು ಕಡಿಮೆ. ಅದರ ಕೆಳಗೆ ಗೆರೆ ಎಳೆದು ಬರೆದಿತ್ತು: ‘ದಿನಕ್ಕೆ ನೀರು ಒಂದು ಲೀಟರ್ ಮೀರಬಾರದು.’

ಅಂಥವರಿಗೆ ಒಂದೇ ಮಧ್ಯಾಹ್ನ ಮೂರು ಬಾಟಲಿ ನೀರು ನೇರ ರಕ್ತಕ್ಕೆ ಬಿಟ್ಟರೆ ಅದು ಎದೆಯಲ್ಲೇ ತುಂಬಿಕೊಳ್ಳುತ್ತದೆ. ಇದು ನನ್ನಂಥ ಅಂಕಿಯವಳಿಗೇ ಗೊತ್ತು. ನರ್ಸಿಗೆ ಗೊತ್ತಿರುವುದಿಲ್ಲವೇ? ನನ್ನ ಪಟ್ಟಿ ತೆಗೆದು ಮಿಕ್ಕ ಐದು ಹೆಸರು ನೋಡಿದೆ. ಮೂವರಿಗೆ ಹೃದಯ, ಇಬ್ಬರಿಗೆ ಮೂತ್ರಪಿಂಡ. ಆರು ಜನಕ್ಕೂ ನೀರು ಅಳೆದು ಕುಡಿಯಬೇಕಾದ ಕಾಯಿಲೆಯೇ.

ಆ ಪೈಕಿ ಮೂರು ಮನೆಗೆ ಅಲ್ಲೇ ನಿಂತು ಫೋನ್ ಮಾಡಿದೆ. ಒಂದು ಕಡೆ ಎತ್ತಲಿಲ್ಲ. ಎರಡು ಕಡೆ ಒಂದೇ ಮಾತು: ನರ್ಸಮ್ಮ ತಾವಾಗೇ ಬಂದಿದ್ದರು, ಬಾಟಲಿ ಹಾಕಿದರು, ದುಡ್ಡು ಮುಟ್ಟಲಿಲ್ಲ.

ಈಗ ನರ್ಸಮ್ಮ ಯಾರು ಅಂತ ಕೇಳಬೇಕು. ಒಬ್ಬಳದೇ ಫೋಟೋ ತೋರಿಸಿ ‘ಇವಳೇನಾ’ ಅಂದರೆ ಯಾರಾದರೂ ಹೂಂ ಅಂದುಬಿಡುತ್ತಾರೆ. ನನ್ನ ಫೋನಿನಲ್ಲಿ ಆ ಆಸ್ಪತ್ರೆಯ ನರ್ಸುಗಳ ದಿನಾಚರಣೆಯ ಫೋಟೋ ಇತ್ತು. ಎಂಟು ಜನ, ಒಂದೇ ಬಣ್ಣದ ಸೀರೆ. ಅದನ್ನು ತೋರಿಸಿದೆ. ನಾನು ಬೆರಳು ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ಎರಡನೇ ವಾರ್ಡಿನ ನರ್ಸೊಬ್ಬಳ ಮೇಲೆ ಆ ಬೆರಳು ಬೀಳಲಿ ಅಂತ ಮನಸ್ಸಿನಲ್ಲೇ ಮಂಟೇಸ್ವಾಮಿಗೆ ಕೈಮುಗಿದೆ.

ಚಿಕ್ಕನಂಜಮ್ಮ ಎಡಗಡೆಯಿಂದ ಮೂರನೆಯವಳನ್ನು ಮುಟ್ಟಿದರು.

“ಇವ್ರೆಯ.”

ಇಂದ್ರಮ್ಮ.

“ಇನ್ನೊಂದು ಸಲ ನೋಡಿ.”

“ಕಣ್ಣೇನ್ ಇಂಗೋದ್ವಾ ನಂಗೆ? ಗಲ್ಲದ್ ತಾವ ಮಚ್ಚೆ ನೋಡು. ನನ್ ಕೈಯಾರ ಟೀ ಕಾಯ್ಸಿಕೊಟ್ಟಿವ್ನಿ ಇವ್ರಿಗೆ.”

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಹದಿನಾರು ಜೀವ ಉಳಿಸಿದವಳು ಅಂತ ಮೂರು ಗಂಟೆ ಹಿಂದೆ ಮೇಜು ಕುಟ್ಟಿ ಬಂದಿದ್ದೆ. ಈ ಆರನ್ನು ತೆಗೆದರೆ ಐವತ್ತೆರಡು ನಲವತ್ತೆಂಟಾಗುತ್ತದೆ, ಹದಿನಾರು ಹನ್ನೆರಡಾಗುತ್ತದೆ, ಆದರೂ ಲೆಕ್ಕ ಸುಳ್ಳಾಗುವುದಿಲ್ಲ. ಅದೇ ಲೆಕ್ಕವೇ ನನ್ನನ್ನು ಕೈಹಿಡಿದು ಈ ಜಗಲಿಗೆ ತಂದು ಕೂರಿಸಿತ್ತು. ಇಷ್ಟು ಸಂಕಟ ನನ್ನ ಗಂಡ ಹೋದಾಗಲೂ ಆಗಿರಲಿಲ್ಲ ಅನ್ನಿಸಿತು.

ಆ ಆರು ಹೆಸರಿದ್ದ ಹಾಳೆ ಹರಿದುಹಾಕಬಹುದಿತ್ತು. ಆರು ಹೆಸರು ಬಿಟ್ಟರೂ ಇಂದ್ರಮ್ಮ ಗೆಲ್ಲುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ಶಶಿಧರ್ ಬಾಯಿಬಿಟ್ಟರೂ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾರೆ ಅನ್ನುತ್ತಾರೆ. ಚಿಕ್ಕನಂಜಮ್ಮ ಚೀಟಿಯನ್ನು ಮತ್ತೆ ಕವರಿಗೆ ಹಾಕಿ, ಸುಕ್ಕು ನೀವಿ, ದೇವರ ಪಟದ ಹಿಂದೆ ಇಟ್ಟರು. ಅದನ್ನು ನೋಡಿದ ಮೇಲೆ ಹರಿಯುವ ಯೋಚನೆ ನನ್ನ ತಲೆಯಿಂದ ಹೋಯಿತು.

ಅಷ್ಟರಲ್ಲಿ ಫೋನು. ಇಂದ್ರಮ್ಮನೇ.

“ಅಕ್ಕ, ಮುಗೀತಾ? ಬೆಳಗಿಂದ ಒಂದ್ ತುತ್ತು ಇಳೀತಿಲ್ಲ ನಂಗೆ.”

“ಮುಗಿಯಿತು. ನೀನು ಗೆದ್ದೆ. ನಲವತ್ತೆಂಟು ಜನ ಸಾಯಬೇಕಾದ ಕಡೆ ಮೂವತ್ತಾರು.”

ಆ ಕಡೆಯಿಂದ ಅಳು ಕೇಳಿಸಿತು. ಸಮಾಧಾನದ ಅಳು. ನಾನು ತಡೆದುಕೊಳ್ಳಲಿಲ್ಲ.

“ಇಂದ್ರ, ನಾನೀಗ ಬೆಳಕವಾಡೀಲಿದ್ದೀನಿ. ಹುಚ್ಚೀರಯ್ಯನ ಮನೆ ಜಗಲಿ ಮೇಲೆ.”

ಅಳು ನಿಂತಿತು.

“ಆ ಆರು ಹೆಸ್ರು ಬುಟ್ಬುಡಿ ಅಕ್ಕ. ಮಿಕ್ಕಿದ್ದೆಲ್ಲ ಕೊಡಿ. ನಿಮ್ ಕಾಲಿಗ್ ಬೀಳ್ತೀನಿ.”

ಆರು ಅಂತ ನಾನು ಹೇಳಿರಲಿಲ್ಲ.

“ಬಿಡೋದಿಲ್ಲ,” ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. “ನಾಳೆ ಹತ್ತಕ್ಕೆ ಎಲ್ಲ ಹಾಳೆಯೂ ಮೇಜಿನ ಮೇಲಿರುತ್ತೆ. ನೀನು ಉಳಿಸಿದ್ದೂ, ಇದೂ. ಯಾಕೆ ಮಾಡಿದೆ ಅಂತ ನನಗೆ ಹೇಳು ಇಂದ್ರ. ತಿಳಿಯದೆ ಮಾಡಿದೆ ಅನ್ನಬೇಡ. ನಿನಗೆ ತಿಳಿಯದ್ದೇ?”

ಆಮೇಲೆ ಅವಳ ದನಿ ಒಂದೇ ಸಲಕ್ಕೆ ಬದಲಾಯಿತು. ಅದು ಬೇಡುವ ದನಿಯಲ್ಲ, ವಾರ್ಡಿನಲ್ಲಿ ಓಡಾಡುವ ನರ್ಸಿನ ದನಿ.

“ಆರಲ್ಲ ಅಕ್ಕ. ಏಳು. ಎದುರ್ಗಡೆ ನೀಲಿ ಬಾಗ್ಲು ಮನೆ, ಸೋಮಮ್ಮ. ಎರಡ್ ಗಂಟೇಲಿ ಸುರು ಮಾಡಿ, ಮೂರ್ನೇ ಬಾಟ್ಲು ನೇತಾಕಿ ಬಂದಿವ್ನಿ. ಓಡಿ ಅಕ್ಕ, ಬಿರ್ನೆ ಓಡಿ.”

“ಇಂದ್ರ!”

“ನನ್ ಕೈಲಿ ಮಾಡುಸ್ತಾವ್ರೆ. ಯಾರು ಅಂತ ಆಮ್ಯಾಕೆ ಯೋಳ್ತೀನಿ. ಮೊದ್ಲು ಬಾಟ್ಲು ನಿಲ್ಲುಸಿ.”

ಫೋನು ಕಡಿಯಿತು.

ಅರವತ್ತೊಂದರ ಮೊಣಕಾಲು ಓಡುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಓಡಿದೆ. ನೀಲಿ ಬಾಗಿಲು ಬರೀ ಮುಚ್ಚಿತ್ತು, ತಳ್ಳಿದೆ. ಒಳಗೆ ಚಾಪೆಯ ಮೇಲೆ ಒಬ್ಬ ಹೆಂಗಸು ದಿಂಬಿಗೆ ಒರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು, ಉಸಿರು ಗೊರ ಗೊರ ಅನ್ನುತ್ತಿತ್ತು. ಗೋಡೆಯ ಮೊಳೆಗೆ ಬಾಟಲಿ ನೇತಾಡುತ್ತಿತ್ತು. ಕೆಳಗೆ ಎರಡು ಖಾಲಿ ಬಾಟಲಿ ಬಿದ್ದಿದ್ದವು.

ಕೊಳವೆಯ ಮೇಲಿನ ಚಿಕ್ಕ ಚಕ್ರವನ್ನು ತಿರುಗಿಸಿ ಬಿಗಿ ಮಾಡಿದೆ. ಹನಿ ನಿಂತಿತು.

“ಚಿಕ್ಕನಂಜಮ್ಮಾ! ಆಟೋ ಕೂಗ್ರಿ! ಮಳವಳ್ಳಿ ಸರ್ಕಾರಿ ಆಸ್ಪತ್ರೆಗೆ!”

“ಸಕ್ತಿ ಬರ್ಲಿ ಅಂತ ಆಕವ್ರೆ ಕಣವ್ವ... ಯಾಕ್ ನಿಲ್ಲುಸ್ದೆ...” ಸೋಮಮ್ಮ ತೊದಲಿದರು.

“ಮಾತಾಡಬೇಡಿ ತಾಯಿ. ನೆಟ್ಟಗೆ ಕೂತ್ಕೊಳ್ಳಿ, ಮಲಗಬೇಡಿ.”

ಬೆನ್ನಿಗೆ ನನ್ನ ಎದೆ ಕೊಟ್ಟು ಹಿಡಿದುಕೊಂಡೆ. ನನ್ನ ಪಟ್ಟಿಯಲ್ಲಿ ಈ ಸೋಮಮ್ಮನ ಹೆಸರಿನ ಮುಂದೆ ‘ಮೂವತ್ತು ದಿನ ದಾಟಿದ್ದಾರೆ, ಬದುಕಿದ್ದಾರೆ’ ಅಂತ ಗುರುತು ಹಾಕಿದ್ದೆ. ಮೂವತ್ತಕ್ಕೆ ಎಣಿಕೆ ನಿಲ್ಲಿಸಿದವಳು ನಾನೇ.

ಬಾಟಲಿ ಕಳಚಲು ಕೈ ಎತ್ತಿದಾಗ ಅದರ ಮೇಲೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಮರುಜೀವ ಆಸ್ಪತ್ರೆ, ಎರಡನೇ ವಾರ್ಡು. ಔಷಧದ ಕೋಣೆಯಿಂದ ಕೊಟ್ಟ ದಿನ, ಇವತ್ತಿನದು. ಇಂದ್ರಮ್ಮ ಅಮಾನತಾಗಿ ತಿಂಗಳಾಗಿತ್ತು, ಆ ಆಸ್ಪತ್ರೆಯ ಗೇಟಿನೊಳಗೆ ಅವಳನ್ನು ಬಿಡುತ್ತಿರಲಿಲ್ಲ. ಈ ಬಾಟಲಿಯನ್ನು ಬೆಳಿಗ್ಗೆ ಅವಳ ಕೈಗೆ ಯಾರೋ ತಂದುಕೊಟ್ಟಿದ್ದಾರೆ.

ಬೀದಿಯಲ್ಲಿ ಆಟೋ ಸದ್ದಾಯಿತು. ಸೋಮಮ್ಮನ ಕತ್ತು ನನ್ನ ಭುಜದ ಮೇಲೆ ವಾಲಿತು.

“ಉಸಿರು ನಿಲ್ಲಿಸಬೇಡಿ ತಾಯಿ,” ಅಂದೆ. ಆಕೆ ಬದುಕಿದರೆ, ಇದನ್ನು ಮಾಡಿಸುತ್ತಿರುವವರ ಹೆಸರನ್ನು ಇಂದ್ರಮ್ಮ ನನಗೆ ಹೇಳುತ್ತಾಳೆ. ಸತ್ತರೆ ನಾಳೆ ಹತ್ತು ಗಂಟೆಗೆ ನನ್ನ ಕೈಯಾರೆ ಇಂದ್ರಮ್ಮನ ಹೆಸರಿನ ಮುಂದೆ ಏಳು ಅಂತ ಬರೆಯಬೇಕು, ಬರೆದೇ ಬರೆಯುತ್ತೇನೆ.